ಏಪ್ರಿಲ್‌ನಲ್ಲಿ ಪಾಂಗರ್‌ಚುಲ್ಲಾ: ಮೇಲಿದ್ದಾಗ ಹೊಸ ಹಿಮ ಬಿದ್ದರೆ ಏನು ಮಾಡೋದು?

ಕಿರಣ್_ಹಾಸನ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಆಫೀಸಿನ ಆರು ಜನ ಈ ಶನಿವಾರ ಉತ್ತರಾಖಂಡದ ಪಾಂಗರ್‌ಚುಲ್ಲಾ ಶಿಖರಕ್ಕೆ ಹೊರಟಿದ್ದೇವೆ. ಜೋಶಿಮಠದಿಂದ ಶುರು. ಖುಲ್ಲಾರಾ ಕ್ಯಾಂಪಿನಿಂದ ನಡುರಾತ್ರಿ ಎದ್ದು ತುದಿಗೆ ಹತ್ತಬೇಕು, ಸುಮಾರು 15,000 ಅಡಿ. ದುಡ್ಡು ಕಟ್ಟಿ ಆಗಿದೆ. ಡೆಹ್ರಾಡೂನಿನಿಂದ ವಾಪಸ್ ಫ್ಲೈಟೂ ಬುಕ್ ಆಗಿದೆ.

ಈಗ ಹವಾಮಾನ ನೋಡಿದರೆ, ನಾವು ಮೇಲಿರುವ ಹೊತ್ತಿಗೆ ಸರಿಯಾಗಿ ಒಂದು ವೆಸ್ಟರ್ನ್ ಡಿಸ್ಟರ್ಬೆನ್ಸ್ ಬರುತ್ತಿದೆ. ಎರಡು ದಿನ ಹಿಮ ಅಂತ ತೋರಿಸುತ್ತಿದೆ. ಕರೆದುಕೊಂಡು ಹೋಗುವವರಿಗೆ ಫೋನ್ ಮಾಡಿದೆ. "ಏನೂ ಆಗಲ್ಲ ಸರ್, ಸ್ನೋ ಜಾಸ್ತಿ ಸಿಕ್ಕರೆ ನಿಮಗೇ ಮಜಾ" ಅಂದರು. ಸಹಸ್ತ್ರ ತಾಲ್ ಚಾರಣದ ದುರಂತದ ಸುದ್ದಿ ನೋಡಿದ ಮೇಲೆ ಅಮ್ಮನಿಗೆ ಹಿಮಾಲಯ ಅಂದರೆ ಸಾಕು, ಊಟ ಸೇರಲ್ಲ.

ಹಿಮಕುಸಿತ ಅನ್ನೋದು ಜನವರಿ, ಫೆಬ್ರವರಿ ಕಥೆ ಅಲ್ವಾ? ಏಪ್ರಿಲ್‌ನಲ್ಲೂ ಆಗುತ್ತಾ? ಹೋಗಿ ಬಂದವರು ಹೇಳಿ.

ಗುರು_ಚಿಕ್ಕಮಗಳೂರು · ಸೋಮವಾರ ರಾತ್ರಿ 10:05

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಗುರೂ. ನಾನು ಕೇದಾರಕಂಠ, ಬ್ರಹ್ಮತಾಲ್ ಎರಡೂ ಮಾಡಿದ್ದೇನೆ, ಎರಡೂ ಸಲ ಹಿಮ ಬೀಳುತ್ತಿತ್ತು. ಏನೂ ಆಗಲಿಲ್ಲ. ಲೋಕಲ್ ಗೈಡ್ ಇರುತ್ತಾರೆ, ಅವರಿಗೆ ಎಲ್ಲ ಗೊತ್ತಿರುತ್ತೆ. ಒಳ್ಳೆ ಜಾಕೆಟ್ ತಗೊಂಡು ಹೊರಡಿ.

ಶ್ರೀಧರ_ಚಾರಣ · ಸೋಮವಾರ ರಾತ್ರಿ 11:30

ಕಿರಣ್ ಅವರೇ, ನಾನು ಉತ್ತರಕಾಶಿಯಲ್ಲಿ ಪರ್ವತಾರೋಹಣದ ಬೇಸಿಕ್ ಕೋರ್ಸ್ ಮಾಡಿದವನು. ಈಗಲೂ ವರ್ಷಕ್ಕೊಮ್ಮೆ ಸ್ನೇಹಿತರನ್ನು ಕರೆದುಕೊಂಡು ಹೋಗುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಏಪ್ರಿಲ್‌ನಲ್ಲಿ ಆಗುತ್ತೆ. ಚೆನ್ನಾಗಿಯೇ ಆಗುತ್ತೆ. ನೀವು ಹೋಗುತ್ತಿರುವ ಚಮೋಲಿ ಜಿಲ್ಲೆಯಲ್ಲೇ 2021ರ ಏಪ್ರಿಲ್ 23ರಂದು ನೀತಿ ಕಣಿವೆಯ ಸುಮ್ನಾ ಹತ್ತಿರ ರಸ್ತೆ ಕೆಲಸದವರ ಕ್ಯಾಂಪಿನ ಮೇಲೆ ಹಿಮ ಕುಸಿಯಿತು. ಅದಕ್ಕೂ ಮೊದಲು ದಿನಗಟ್ಟಲೆ ಹಿಮ ಬಿದ್ದಿತ್ತು. ಸೇನೆ 384 ಜನರನ್ನು ಹೊರಗೆ ತಂದಿತು. ಆದರೂ ಹತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥುಲಾ ರಸ್ತೆಯಲ್ಲಿ ಏಳು ಪ್ರವಾಸಿಗರು ಹೋದರು. ಅದೇ ಚಮೋಲಿಯಲ್ಲಿ 2025ರ ಫೆಬ್ರವರಿ 28ಕ್ಕೆ ಬದರಿನಾಥದ ಹತ್ತಿರದ ಮಾಣಾದಲ್ಲಿ 54 ಕೆಲಸಗಾರರು ಸಿಕ್ಕಿಬಿದ್ದರು. 46 ಜನ ಉಳಿದರು, ಎಂಟು ಜನ ಉಳಿಯಲಿಲ್ಲ. ಅವರು ಕಬ್ಬಿಣದ ಕಂಟೇನರ್‌ಗಳ ಒಳಗೆ ಮಲಗಿದ್ದರಿಂದ ಅಷ್ಟು ಜನ ಬದುಕಿದರು.

ಈ ಮೂರರಲ್ಲೂ ಒಂದು ವಿಷಯ ನೋಡಿ. ಯಾರೂ ಬೆಟ್ಟ ಹತ್ತುತ್ತಿರಲಿಲ್ಲ. ಇಬ್ಬರದು ಕ್ಯಾಂಪು, ಒಬ್ಬರದು ರಸ್ತೆ. ಕಾಲ ಕೆಳಗಿನ ನೆಲ ಮಟ್ಟಸವಾಗಿತ್ತು. ಅಪಾಯ ಇದ್ದದ್ದು ತಲೆಯ ಮೇಲಿನ ಇಳಿಜಾರಿನಲ್ಲಿ. ನಮ್ಮವರು ಚಾರಣದಲ್ಲಿ "ದಾರಿ ಸುಲಭ, ಜಾರಲ್ಲ" ಅಂತ ಕಾಲ ಕಡೆಯೇ ನೋಡುತ್ತಾರೆ. ಮೇಲೆ ಏನು ಕೂತಿದೆ ಅಂತ ಯಾರೂ ಕತ್ತೆತ್ತಲ್ಲ.

ಇನ್ನು ಬಿರುಗಾಳಿಯ ವಿಷಯ. ಈ ವೆಸ್ಟರ್ನ್ ಡಿಸ್ಟರ್ಬೆನ್ಸ್ ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಬರುವುದು ಬೆಚ್ಚಗಿರುತ್ತೆ. ಹಾಗಾಗಿ ಹಿಮ ಒದ್ದೆ, ಭಾರ. ಕೆಳಗೆ ಹಳೆಯ ಗಟ್ಟಿ ಪದರ, ಮೇಲೆ ಒಂದೇ ರಾತ್ರಿ ಒಂದು ಅಡಿ ಹೊಸ ಹಿಮ. ಎರಡೂ ಇನ್ನೂ ಅಂಟಿಕೊಂಡಿರಲ್ಲ. ಜೊತೆಗೆ ಗಾಳಿ. ಗಾಳಿ ಬೀಸುವ ಕಡೆಯ ಹಿಮವನ್ನೆಲ್ಲ ಎತ್ತಿ ಮರೆಯ ಕಡೆಗೆ ಸುರಿಯುತ್ತೆ. ಕ್ಯಾಂಪಲ್ಲಿ ಅರ್ಧ ಅಡಿ ಬಿದ್ದಿರುತ್ತೆ, ಏಣಿನ, ಅಂದರೆ ಬೆಟ್ಟದ ಚೂಪು ಬೆನ್ನಿನ, ಆಚೆ ಬದಿಯಲ್ಲಿ ಮೂರು ನಾಲ್ಕು ಅಡಿ ತುಂಬಿರುತ್ತೆ. ಕ್ಯಾಂಪಿನ ಅಳತೆ ನೋಡಿ ಇಷ್ಟೇ ಅಲ್ವಾ ಅಂದುಕೊಂಡರೆ ಕೆಟ್ಟೆವು.

ಅಪಾಯ ಅತಿ ಜಾಸ್ತಿ ಇರುವುದು ಹಿಮ ಬೀಳುವಾಗ ಮತ್ತು ಅದು ನಿಂತ ಮೇಲಿನ ಒಂದೆರಡು ದಿನ. ಆದರೆ ಎಲ್ಲರೂ ಹೊರಡುವುದು ಯಾವಾಗ? ಮರುದಿನ ಬೆಳಿಗ್ಗೆ. ಆಕಾಶ ನೀಲಿ, ನಂದಾದೇವಿ ಕಾಣುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಹತ್ತು ಗಂಟೆಗೆ ಬಿಸಿಲು ಏರುತ್ತಿದ್ದ ಹಾಗೆ ಹೊಸ ಹಿಮ ನೀರು ಕುಡಿದು ಸಡಿಲವಾಗುತ್ತೆ. ನನ್ನನ್ನು ಕೇಳಿದರೆ ಬಿರುಗಾಳಿಗಿಂತ ಆ ನೀಲಿ ಬೆಳಗಿಗೇ ಹೆಚ್ಚು ಹೆದರಬೇಕು.

ಮಮತಾ_ಶಿರಸಿ · ಮಂಗಳವಾರ ಬೆಳಿಗ್ಗೆ 7:15

ಶ್ರೀಧರ್ ಸರ್ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಕಿರಣ್, ನಿಮ್ಮ ಅಮ್ಮ ಹೆದರಿರುವ ಸಹಸ್ತ್ರ ತಾಲ್ ಘಟನೆ ಹಿಮಕುಸಿತ ಅಲ್ಲ. 2024ರ ಜೂನ್ 3ರ ಮಧ್ಯಾಹ್ನ ಕೆರೆ ನೋಡಿ ಕ್ಯಾಂಪಿಗೆ ಇಳಿಯುವಾಗ ಹಿಮಗಾಳಿ ಹಿಡಿಯಿತು. ದಾರಿ ಕಾಣಲಿಲ್ಲ. ರಾತ್ರಿಯೆಲ್ಲ ಬಯಲಲ್ಲೇ ಉಳಿದರು. ನಮ್ಮ ಕರ್ನಾಟಕದ ತಂಡದ 22 ಜನರಲ್ಲಿ ಒಂಬತ್ತು ಮಂದಿ ಸತ್ತದ್ದು ಚಳಿಗೆ. ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ಉಳಿದವರನ್ನು ಕರೆತಂದರು.

ಎರಡನ್ನೂ ಬೇರೆ ಬೇರೆ ಇಟ್ಟು ಯೋಚನೆ ಮಾಡಬೇಕು. ಯಾಕೆ ಅಂದರೆ ಎರಡರ ಉಪಾಯ ಒಂದಕ್ಕೊಂದು ಉಲ್ಟಾ. ಹಿಮಗಾಳಿ ಹಿಡಿದರೆ ಬೇಗ ಕೆಳಗಿಳಿ ಅನಿಸುತ್ತೆ. ಹಿಮಕುಸಿತದ ಲೆಕ್ಕದಲ್ಲಿ ಅದೇ ಇಳಿಯುವ ನಾಲಾ (ಬೆಟ್ಟದ ಕೊರಕಲು) ಬಿರುಗಾಳಿಯಲ್ಲಿ ಅತಿ ಕೆಟ್ಟ ಜಾಗ. ಅದಕ್ಕೇ ಬಿರುಗಾಳಿ ಬರುತ್ತೆ ಅಂತ ಗೊತ್ತಿದ್ದರೆ ಮರಗಳಿರುವ ಕ್ಯಾಂಪು ಬಿಟ್ಟು ಮೇಲೆ ಹೋಗಲೇಬಾರದು. ಸಿಕ್ಕಿಬಿದ್ದ ಮೇಲೆ ಒಳ್ಳೆಯ ಆಯ್ಕೆ ಅಂತ ಉಳಿಯಲ್ಲ.

ಮತ್ತೆ ಬಟ್ಟೆ. ಬೆಂಗಳೂರಲ್ಲಿ ಬಾಡಿಗೆಗೆ ಕೊಡುವ ದಪ್ಪ ಜಾಕೆಟ್ ಒದ್ದೆ ಹಿಮಕ್ಕೆ ಅರ್ಧ ಗಂಟೆ ತಡೆಯಲ್ಲ. ಮೇಲೊಂದು ನೀರು ತಡೆಯುವ ಪದರ, ಬ್ಯಾಗಿನ ಒಳಗೆ ಪ್ಲಾಸ್ಟಿಕ್ ಕವರಲ್ಲಿ ಒಣ ಉಣ್ಣೆ ಬಟ್ಟೆ, ಇನ್ನೊಂದು ಜೊತೆ ಕೈಗವಸು. ಇಷ್ಟು ಬೇಕೇ ಬೇಕು.

ಗುರು_ಚಿಕ್ಕಮಗಳೂರು · ಮಂಗಳವಾರ ಬೆಳಿಗ್ಗೆ 9:20

ಶ್ರೀಧರ್ ಅಣ್ಣ, ನೀವು ಹೇಳಿದ್ದು ಒಪ್ಪುತ್ತೇನೆ. ಆದರೂ ಸಾವಿರಾರು ಜನ ಹೋಗಿ ಬರುತ್ತಾರಲ್ಲ? ಗೈಡ್‌ಗಳು ವರ್ಷವಿಡೀ ಅಲ್ಲೇ ಇರುವವರು. ಅವರಿಗಿಂತ ನಮಗೆ ಜಾಸ್ತಿ ಗೊತ್ತಾ?

ಶ್ರೀಧರ_ಚಾರಣ · ಮಂಗಳವಾರ ಬೆಳಿಗ್ಗೆ 10:00

ಗುರು, ಯಾವ ನಾಲಾ ಪ್ರತಿ ವರ್ಷ ಸುರಿಯುತ್ತೆ ಅನ್ನೋದು ಅವರಿಗೆ ಗೊತ್ತು. ಅದು ದೊಡ್ಡ ಜ್ಞಾನ, ಕೇಳಿಯೇ ತಿಳಿದುಕೊಳ್ಳಬೇಕು. ಆದರೆ ಗೈಡ್ ಹುಡುಗನ ಜಾಗದಲ್ಲಿ ನಿಂತು ನೋಡು. ಹಿಂದೆ ಇಪ್ಪತ್ತು ಜನ, ಎಲ್ಲರ ಕೈಯಲ್ಲೂ ವಾಪಸ್ ಟಿಕೆಟ್. ಬೇಡ ಅಂದರೆ ಇಪ್ಪತ್ತು ಜನರ ಮುಖ ಸಪ್ಪಗಾಗುತ್ತೆ, ಆಮೇಲೆ ಕಂಪನಿಗೆ ಕೆಟ್ಟ ರಿವ್ಯೂ. ಅವನು ಬೇಡ ಅನ್ನಲು ನಾವು ಜಾಗ ಬಿಡಬೇಕು.

ಇನ್ನು ಅನುಭವ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾದಲ್ಲಿ ನಾನು ಕಲಿತ ಸಂಸ್ಥೆಯದೇ ತಂಡ ಹಿಮಕುಸಿತಕ್ಕೆ ಸಿಕ್ಕಿತು. 29 ಮಂದಿ ಹೋದರು. ಅದರಲ್ಲಿ ಕಲಿಸುವವರೂ ಇದ್ದರು, ನಮ್ಮ ಬೆಂಗಳೂರಿನ ಹುಡುಗರೂ ಇದ್ದರು. ಅನುಭವ ಇದ್ದವರು ಜೊತೆಗಿದ್ದಾರೆ ಅಂತ ಹಿಮ ಲೆಕ್ಕ ಇಡಲ್ಲ.

ವಿದ್ಯಾ_ಡೆನ್ವರ್ · ಮಂಗಳವಾರ ಬೆಳಿಗ್ಗೆ 11:10

ಕೊಲೊರಾಡೊದಿಂದ ಬರೆಯುತ್ತಿದ್ದೇನೆ, ಮೂಲ ಊರು ತೀರ್ಥಹಳ್ಳಿ. ನಾನು ಇಲ್ಲಿ ಚಳಿಗಾಲದಲ್ಲಿ ಸ್ಕೀ ಮಾಡುವುದರಿಂದ ಹಿಮಕುಸಿತದ ಕೋರ್ಸ್ ಮಾಡಲೇಬೇಕಾಯಿತು.

"ಏನೂ ಆಗಲಿಲ್ಲ" ಅನ್ನುವ ಮಾತಿಗೆ ಬರುತ್ತೇನೆ. ಏನೂ ಆಗಲಿಲ್ಲ ಅಂದರೆ ನಾವು ಸರಿಯಾಗಿ ನಿರ್ಧಾರ ಮಾಡಿದೆವು ಅಂತಲೂ ಇರಬಹುದು, ಅದೃಷ್ಟ ಅಂತಲೂ ಇರಬಹುದು. ಎರಡರಲ್ಲಿ ಯಾವುದು ಅಂತ ಬೆಟ್ಟ ಹೇಳಲ್ಲ. ಅದೇ ಇದರ ಕಷ್ಟ.

ಇಲ್ಲಿ ಎಲ್ಲ ಕೋರ್ಸುಗಳಲ್ಲೂ ಹೇಳುವ ಒಂದು ಘಟನೆ ಇದೆ. 2013ರ ಏಪ್ರಿಲ್ 20, ಲವ್‌ಲ್ಯಾಂಡ್ ಪಾಸ್ ಹತ್ತಿರದ ಶೀಪ್ ಕ್ರೀಕ್. ಆ ತಿಂಗಳು ಬಿರುಗಾಳಿಯ ಮೇಲೆ ಬಿರುಗಾಳಿ ಬಂದಿತ್ತು. ಆರು ಜನ ಹೊರಟರು. ಎಲ್ಲರಿಗೂ ಅನುಭವ, ಎಲ್ಲರ ಹತ್ತಿರ ಸಾಮಾನು. ಅವತ್ತಿನ ಮುನ್ಸೂಚನೆ ಓದಿದ್ದರು. ಎದುರಿಗಿದ್ದ ಉತ್ತರ ಮುಖದ ಇಳಿಜಾರು ಕೆಟ್ಟದ್ದು ಅಂತ ಗೊತ್ತಿತ್ತು. ಅದನ್ನು ತಪ್ಪಿಸಿ ಸುರಕ್ಷಿತ ಜಾಗಕ್ಕೆ ಹೋಗಲೆಂದೇ ಅದರ ಬುಡದಲ್ಲಿ ಸ್ವಲ್ಪ ದೂರ ಹಾಯುತ್ತಿದ್ದರು. ಅಷ್ಟರಲ್ಲೇ ಮೇಲಿನದು ಇಡೀ ಕಿತ್ತು ಬಂತು. ಐದು ಜನ ಸತ್ತರು. ಆರನೆಯವರ ಒಂದು ಮುಂಗೈ ಮಾತ್ರ ಆಡುತ್ತಿತ್ತು, ಅದರಿಂದ ಮುಖದ ಮುಂದಿನ ಹಿಮ ಸರಿಸಿಕೊಂಡು, ಗಂಟೆಗಟ್ಟಲೆ ಹುಗಿದಿದ್ದರೂ ಬದುಕಿದರು.

ಅಲ್ಲಿ ಪದರದ ಬುಡದಲ್ಲಿ ಸಕ್ಕರೆ ಹರಳಿನಂಥ ಸಡಿಲ ಹಿಮ ಚಳಿಗಾಲದಿಂದಲೂ ಕೂತಿತ್ತು. ಮೇಲೆ ವಸಂತದ ಹಿಮದ ಭಾರ ಸೇರಿತು. ಇಂಥ ಪದರವನ್ನು ಕೆಳಗಿಂದ ತುಳಿದರೂ ಮೇಲೆ ಬಿರುಕು ಓಡುತ್ತೆ. ಕೆಲವೊಮ್ಮೆ ಕಾಲ ಕೆಳಗೆ "ಹೂಂಫ್" ಅಂತ ಸದ್ದು ಬಂದು ಹಿಮ ಸ್ವಲ್ಪ ಕುಸಿದ ಹಾಗಾಗುತ್ತೆ. ಆ ಸದ್ದು ಕೇಳಿದರೆ ಚರ್ಚೆ ಬೇಡ. ಬಂದ ಹೆಜ್ಜೆಯಲ್ಲೇ ವಾಪಸ್.

ಬಸವರಾಜ_ಧಾರವಾಡ · ಮಂಗಳವಾರ ಮಧ್ಯಾಹ್ನ 1:30

ಒಂದು ಡೌಟು. ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು 2016ರಲ್ಲಿ ಸಿಯಾಚಿನ್‌ನಾಗ ಆರು ದಿನ ಹಿಮದ ಅಡಿಯಲ್ಲಿದ್ದು ಜೀವಂತ ಸಿಕ್ಕರಲ್ಲ? 19,600 ಅಡಿ ಮೇಲೆ. ಹಂಗಾದರೆ ಹುಗಿದು ಹೋದರೂ ಬದುಕುವ ಚಾನ್ಸ್ ಐತಿ ಅಂತ ಅಲ್ರೀ?

ವಿದ್ಯಾ_ಡೆನ್ವರ್ · ಮಂಗಳವಾರ ಮಧ್ಯಾಹ್ನ 2:05

ಬಸವರಾಜ್ ಸರ್, ಅವರ ಹೆಸರು ಹೇಳಿದ್ದು ಒಳ್ಳೆಯದಾಯಿತು. ಅವರು ಟೆಂಟಿನ ಒಳಗಿದ್ದರು. ಟೆಂಟಿನಲ್ಲಿ ಗಾಳಿ ಉಳಿದಿತ್ತು. ಆ ಪೋಸ್ಟಿನ ಹತ್ತು ಸೈನಿಕರಲ್ಲಿ ಜೀವಂತ ಸಿಕ್ಕಿದ್ದು ಅವರೊಬ್ಬರೇ. ಕೊನೆಗೆ ಫೆಬ್ರವರಿ 11ಕ್ಕೆ ದೆಹಲಿಯಲ್ಲಿ ಅವರೂ ಉಳಿಯಲಿಲ್ಲ. ನಡೆಯುವಾಗ ಸಿಕ್ಕವರಿಗೆ ಆ ಗಾಳಿ ಇರಲ್ಲ. ಉರುಳಿದ ಹಿಮ ನಿಂತ ಕೂಡಲೇ ಗಟ್ಟಿಯಾಗುತ್ತೆ. ಬೆರಳು ಅಲ್ಲಾಡಿಸಲೂ ಆಗಲ್ಲ. ಬಾಯಿ ಸುತ್ತ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕು.

ಹತ್ತು ಹದಿನೈದು ನಿಮಿಷದಲ್ಲಿ ಹೊರಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ ಅಂತ ಲೆಕ್ಕ. ಅರ್ಧ ಗಂಟೆಯಾದರೆ ಮೂವರಲ್ಲಿ ಒಬ್ಬರು. ಹೆಲಿಕಾಪ್ಟರ್ ಅಷ್ಟರೊಳಗೆ ಬರಲ್ಲ. ಪಕ್ಕದಲ್ಲಿ ನಡೆಯುತ್ತಿರುವ ಗೆಳೆಯನೇ ತೆಗೆಯಬೇಕು.

ಕಿರಣ್_ಹಾಸನ · ಮಂಗಳವಾರ ಸಂಜೆ 6:45

ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್. ಕರೆದುಕೊಂಡು ಹೋಗುವವರನ್ನು ಕೇಳಿದೆ. ಹಿಮದಲ್ಲಿ ಹುಗಿದವರನ್ನು ಹುಡುಕಲು ಬೀಕನ್ ಅಂತ ಏನೋ ಇರುತ್ತಂತೆ, ಅವರ ಹತ್ತಿರ ಇಲ್ಲ. "ಟ್ರೆಕ್ಕಿಗೆ ಅದೆಲ್ಲ ಬೇಡ ಸರ್" ಅಂದರು. ನಾವೇ ಬಾಡಿಗೆಗೆ ತಂದರೆ ಆಗುತ್ತಾ? ಇನ್ನೊಂದು, ಇಳಿಜಾರು ಎಷ್ಟು ಕಡಿದಾಗಿದ್ದರೆ ಅಪಾಯ?

ವಿದ್ಯಾ_ಡೆನ್ವರ್ · ಮಂಗಳವಾರ ರಾತ್ರಿ 8:20

ಬೀಕನ್ ಅಂದರೆ ಮೈಗೆ ಕಟ್ಟಿಕೊಳ್ಳುವ ಪುಟ್ಟ ರೇಡಿಯೊ. 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತಿರುತ್ತೆ. ಒಬ್ಬರು ಹುಗಿದುಹೋದರೆ ಉಳಿದವರು ತಮ್ಮದನ್ನು ಹುಡುಕುವ ಕಡೆಗೆ ತಿರುಗಿಸುತ್ತಾರೆ.

ಕೋರ್ಸಿನಲ್ಲಿ ಇದನ್ನು ಮಾಡಿಸುತ್ತಾರೆ. ಮೇಷ್ಟ್ರು ಒಂದು ಬ್ಯಾಗಿನೊಳಗೆ ಬೀಕನ್ ಇಟ್ಟು ಹೂತಿರುತ್ತಾರೆ. ಪರದೆಯಲ್ಲಿ ಬಾಣದ ಗುರುತು, ಪಕ್ಕದಲ್ಲಿ ಸಂಖ್ಯೆ. 38, 31, 24 ಅಂತ ಇಳಿಯುತ್ತೆ. ಓಡಬೇಕು ಅನಿಸುತ್ತೆ, ಓಡಿದರೆ ಬಾಣ ತಪ್ಪುತ್ತೆ. ಮೂರು ಮೀಟರ್ ಒಳಗೆ ಬಂದ ಮೇಲೆ ಮಂಡಿಯೂರಿ, ಬೀಕನ್ನನ್ನು ಹಿಮಕ್ಕೆ ತಾಗಿಸಿ ಅತಿ ಕಡಿಮೆ ಸಂಖ್ಯೆ ಹುಡುಕಬೇಕು. ಆಮೇಲೆ ಉದ್ದದ ಕಡ್ಡಿ ಚುಚ್ಚುವುದು. ಅಲ್ಲಿಂದ ಸುತ್ತುಸುತ್ತಾಗಿ ಒಂದು ಗೇಣಿಗೊಂದು ಸಲ. ನೆಲ ತಾಗಿದರೆ ಟಕ್ ಅನ್ನುತ್ತೆ. ಬ್ಯಾಗು ತಾಗಿದಾಗ ಕಡ್ಡಿ ಸ್ವಲ್ಪ ಹಿಂದಕ್ಕೆ ಚಿಮ್ಮಿದ ಹಾಗಾಗುತ್ತೆ. ಅದು ಕೈಗೆ ಒಮ್ಮೆ ಗೊತ್ತಾದರೆ ಮರೆಯಲ್ಲ. ಕಡ್ಡಿಯನ್ನು ಅಲ್ಲೇ ಬಿಟ್ಟು, ನೇರ ಮೇಲಿಂದ ಅಗೆಯದೆ, ಇಳಿಜಾರಿನ ಕೆಳಗಿಂದ ಒಳಕ್ಕೆ ಅಗೆಯಬೇಕು. ಕುಸಿದ ಹಿಮ ಒಂದು ಘನ ಮೀಟರಿಗೆ 400 ಕಿಲೋ ಆಸುಪಾಸು. ಕೈಯಲ್ಲಿ ಆಗಲ್ಲ, ಲೋಹದ ಸಲಿಕೆಯೇ ಬೇಕು.

ಅಂದರೆ ಬೀಕನ್, ಕಡ್ಡಿ, ಸಲಿಕೆ ಮೂರೂ ಬೇಕು, ತಂಡದ ಎಲ್ಲರಿಗೂ ಬೇಕು, ಅಭ್ಯಾಸವೂ ಬೇಕು. ಶುಕ್ರವಾರ ಬಾಡಿಗೆಗೆ ತಂದು ಶನಿವಾರ ಹೊರಟರೆ ಅದು ಬರೀ ಧೈರ್ಯದ ತಾಯಿತ. ಕಟ್ಟಿಕೊಂಡವರು ಮಾಮೂಲಿಗಿಂತ ಜಾಸ್ತಿ ಮುನ್ನುಗ್ಗುತ್ತಾರೆ ಅನ್ನೋದು ನಾನು ಇಲ್ಲಿ ಕಣ್ಣಾರೆ ಕಂಡದ್ದು. ನಿಮ್ಮಂಥ ತಂಡಕ್ಕೆ ಇರುವ ಉಪಾಯ ಒಂದೇ, ಸಿಕ್ಕದ ಹಾಗೆ ನೋಡಿಕೊಳ್ಳುವುದು.

ಕೋನದ ಪ್ರಶ್ನೆಗೆ: 30ರಿಂದ 45 ಡಿಗ್ರಿ. ಅತಿ ಹೆಚ್ಚು ಕುಸಿಯುವುದು 38ರ ಆಸುಪಾಸು. ಅದಕ್ಕಿಂತ ತುಂಬಾ ಕಡಿದಾಗಿದ್ದರೆ ಹಿಮ ನಿಲ್ಲುವುದೇ ಇಲ್ಲ, ಆಗಾಗ ಉದುರಿಹೋಗುತ್ತೆ. ಫೋನಿನಲ್ಲಿ ಮಟ್ಟ ಅಳೆಯುವ ಆ್ಯಪ್ ಇರುತ್ತೆ. ಊರುಗೋಲನ್ನು ಇಳಿಜಾರಿಗೆ ಒರಗಿಸಿ ಅದರ ಮೇಲೆ ಫೋನ್ ಇಡಿ, ತಿಳಿಯುತ್ತೆ. ಆದರೆ ಅಳೆಯಬೇಕಾದ್ದು ನಿಂತ ಜಾಗ ಒಂದೇ ಅಲ್ಲ. ನೀವು ನಿಂತಲ್ಲಿಂದ ಮೇಲಿನ ಇಳಿಜಾರಿನ ತುದಿಗೆ ಫೋನ್ ಹಿಡಿದು ನೋಡಿ. ಅದು 20 ಡಿಗ್ರಿಗಿಂತ ಜಾಸ್ತಿ ಬಂದರೆ, ಮೇಲಿಂದ ದೊಡ್ಡದು ಬಂದಾಗ ನೀವು ನಿಂತ ಜಾಗಕ್ಕೂ ತಲುಪಬಹುದು ಅಂತ ಎಣಿಸಿಕೊಳ್ಳಿ. ಟೆಂಟ್ ಹಾಕುವ ಜಾಗಕ್ಕೂ ಇದೇ ಪರೀಕ್ಷೆ.

ಅಂದಹಾಗೆ ಮುಂದಿನ ತಿಂಗಳು ನಾನೂ ಅಪ್ಪನ ಜೊತೆ ಕುವಾರಿ ಪಾಸ್ ಕಡೆಗೆ ಹೋಗುವ ಯೋಚನೆ ಇದೆ. ನನ್ನ ಗಾರ್ಮಿನ್ ಇನ್‌ರೀಚ್ (ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸುವ ಸಾಧನ) ತರುತ್ತೇನೆ, ಬೇಕಿದ್ದರೆ ಆಮೇಲೆ ಇಲ್ಲೇ ಯಾರಿಗಾದರೂ ಕೊಟ್ಟು ಹೋಗುತ್ತೇನೆ.

ಮಮತಾ_ಶಿರಸಿ · ಮಂಗಳವಾರ ರಾತ್ರಿ 8:35

ವಿದ್ಯಾ, ದಯವಿಟ್ಟು ತರಬೇಡಿ! ಭಾರತದಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಸಾಧನ ಇಟ್ಟುಕೊಳ್ಳುವ ಹಾಗಿಲ್ಲ. 2024ರಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಇದೇ ಇನ್‌ರೀಚ್ ಇಟ್ಟುಕೊಂಡಿದ್ದಕ್ಕೆ ವಿದೇಶಿ ಮಹಿಳೆಯನ್ನು ಹಿಡಿದಿದ್ದರು. ಬೆಟ್ಟದಲ್ಲಿ ಜೀವ ಉಳಿಸುವ ಸಾಮಾನಿಗೇ ಈ ಗತಿ ಅನ್ನೋದು ನನಗೂ ಸಿಟ್ಟು ತರಿಸುತ್ತೆ, ಆದರೆ ಕಾನೂನು ಹಾಗಿದೆ.

ವಿದ್ಯಾ_ಡೆನ್ವರ್ · ಮಂಗಳವಾರ ರಾತ್ರಿ 8:50

ಅಯ್ಯೋ, ಗೊತ್ತೇ ಇರಲಿಲ್ಲ. ಉಳಿಸಿದಿರಿ ಅಕ್ಕ.

ಶ್ರೀಧರ_ಚಾರಣ · ಬುಧವಾರ ಬೆಳಿಗ್ಗೆ 6:30

ಕಿರಣ್, ಕರೆದುಕೊಂಡು ಹೋಗುವವರಿಗೆ "ಸೇಫಾ?" ಅಂತ ಕೇಳಿದರೆ ಸೇಫ್ ಅಂತಲೇ ಉತ್ತರ ಬರುತ್ತೆ. ಹೌದು, ಇಲ್ಲ ಅನ್ನಲಾಗದ ಪ್ರಶ್ನೆ ಕೇಳಿ. ತುದಿಗೆ ಹೋಗದಿರಲು ನಿಮ್ಮ ನಿಯಮ ಏನು? ಎಷ್ಟು ಗಂಟೆಗೆ ಎಲ್ಲಿದ್ದರೂ ವಾಪಸ್ ತಿರುಗುತ್ತೀರಿ? ಹೆಚ್ಚುವರಿ ದಿನ ಇದೆಯಾ? ಮೇಲಿನ ಕ್ಯಾಂಪಿನಿಂದ ವಾಕಿಟಾಕಿಯಲ್ಲಿ ಕೆಳಗೆ ಯಾರಿಗೆ ಮಾತಾಡುತ್ತೀರಿ? ಇದಕ್ಕೆ ತಡವರಿಸಿದರೆ ಅವರಲ್ಲಿ ನಿಯಮವೇ ಇಲ್ಲ ಅಂತ ಅರ್ಥ.

ಮುನ್ಸೂಚನೆಗೆ ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ನೋಡಿ. ಹಿಮಕುಸಿತಕ್ಕೆ ಬೇರೆಯೇ ಸಂಸ್ಥೆ ಇದೆ. ಚಂಡೀಗಢದಲ್ಲಿರುವ ಡಿಆರ್‌ಡಿಒದ ಡಿಜಿಆರ್‌ಇ, ಮೊದಲು ಸಾಸೆ ಅನ್ನುತ್ತಿದ್ದರು. ಜಿಲ್ಲೆ ಮತ್ತು ಎತ್ತರದ ಲೆಕ್ಕದಲ್ಲಿ ಎಚ್ಚರಿಕೆ ಕೊಡುತ್ತಾರೆ. ಮಾಣಾ ಘಟನೆಯ ಹಿಂದಿನ ಸಂಜೆಯೇ ಚಮೋಲಿಗೆ 2,400 ಮೀಟರಿಗಿಂತ ಮೇಲೆ ಅಪಾಯ ಅಂತ ಹೇಳಿದ್ದರು. ಆದರೆ ಅದು ಇಡೀ ಜಿಲ್ಲೆಗೆ ಹೇಳುವ ಮಾತು. ನಿಮ್ಮೆದುರಿನ ನಾಲಾ ಹೇಗಿದೆ ಅಂತ ಅದು ಹೇಳಲ್ಲ, ನೀವೇ ನೋಡಬೇಕು.

ಕಿರಣ್_ಹಾಸನ · ಬುಧವಾರ ರಾತ್ರಿ 9:15

ಕೇಳಿದೆ. ಮೊದಲ ಮೂರು ಪ್ರಶ್ನೆಗೆ ಟ್ರೆಕ್ ಕಂಪನಿಯ ಆಫೀಸಿನವರು ತಡವರಿಸಿದರು. ಆಮೇಲೆ ಜೋಶಿಮಠದಲ್ಲಿರುವ ಗೈಡ್ ನಂಬರ್ ಇಸ್ಕೊಂಡು ನೇರ ಮಾತಾಡಿದೆ. ಅವರು ಖುಲ್ಲಾಗಿ ಹೇಳಿದರು: ಬಿರುಗಾಳಿ ಬಂದರೆ ಖುಲ್ಲಾರಾಗಿಂತ ಕೆಳಗಿನ ಗುಲ್ಲಿಂಗ್ ಕ್ಯಾಂಪಲ್ಲೇ ಇರೋಣ, ನಿಂತ ಮೇಲೂ ಒಂದು ದಿನ ಕಾಯೋಣ, ಆದರೆ ನಿಮ್ಮ ಫ್ಲೈಟ್ ನನ್ನ ಕೈಲಿಲ್ಲ. ಹಾಗಾಗಿ ನಾವು ಆರು ಜನ ವಾಪಸ್ ಟಿಕೆಟ್ ಎರಡು ದಿನ ಮುಂದೆ ಹಾಕಿಸಿದೆವು. ದುಡ್ಡು ಹೋಯಿತು, ಮ್ಯಾನೇಜರ್ ಮುಖ ಊದಿಸಿಕೊಂಡರು, ಪರವಾಗಿಲ್ಲ.

ಅಷ್ಟು ಕಾದ ಮೇಲೂ ತುದಿಗೆ ಹೋಗುವ ಬೆಳಿಗ್ಗೆ ನಾವು ಏನು ನೋಡಬೇಕು?

ಗುರು_ಚಿಕ್ಕಮಗಳೂರು · ಬುಧವಾರ ರಾತ್ರಿ 9:40

ಟಿಕೆಟ್ ಮುಂದಕ್ಕೆ ಹಾಕಿದ್ದು ಒಳ್ಳೆ ಕೆಲಸ. ನನಗೂ ಈ ಉತ್ತರ ಬೇಕು, ಮೇ ತಿಂಗಳಲ್ಲಿ ಹಿಮಾಚಲದ ಸರ್ ಪಾಸ್‌ ಟ್ರೆಕ್ಕಿಗೆ ಹೆಸರು ಕೊಟ್ಟಿದ್ದೇನೆ.

ಶ್ರೀಧರ_ಚಾರಣ · ಬುಧವಾರ ರಾತ್ರಿ 10:50

ಮೊದಲು ಆಕಾಶ. ರಾತ್ರಿ ನಕ್ಷತ್ರ ಕಂಡರೆ ಹಿಮದ ಬಿಸಿ ಮೇಲಕ್ಕೆ ಹೋಗಿ ಪದರ ಗಟ್ಟಿಯಾಗುತ್ತೆ. ಮೋಡ ಮುಚ್ಚಿದ್ದರೆ ನಿಮಗೆ ಚಳಿ ಅನಿಸಿದರೂ ಹಿಮ ಗಟ್ಟಿಯಾಗಿರಲ್ಲ. ಎರಡು ಗಂಟೆಗೆ ಎದ್ದು ಟೆಂಟಿನ ಹೊರಗೆ ಹಿಮದ ಮೇಲೆ ನಿಲ್ಲಿ. ಬೂಟು ಮೇಲೇ ನಿಂತು ಕರಕರ ಅಂದರೆ ಸರಿ. ಆ ಹೊತ್ತಲ್ಲೇ ಮೀನಖಂಡದವರೆಗೆ ಹುಗಿದರೆ ಅವತ್ತು ತುದಿ ಇಲ್ಲ, ಮಲಗಿ.

ಹೊರಟ ಮೇಲೆ ಅಕ್ಕಪಕ್ಕದ ಇಳಿಜಾರು ನೋಡುತ್ತಿರಿ. ಹೊಸದಾಗಿ ಕುಸಿದ ಗುರುತು ಕಂಡರೆ ಅದಕ್ಕಿಂತ ದೊಡ್ಡ ಸೂಚನೆ ಇನ್ನೊಂದಿಲ್ಲ. ನಡೆಯುವಾಗ ಹಿಮದಲ್ಲಿ ಬಿರುಕು ಮುಂದಕ್ಕೆ ಓಡಿದರೂ ಅಷ್ಟೇ. ನಾಲಾ ಹಾಯಲೇಬೇಕಾದರೆ ಒಬ್ಬೊಬ್ಬರೇ. ಉಳಿದವರು ಪಕ್ಕದ ಏಣಿನ ಮೇಲೆ ನಿಂತು ಅವರನ್ನೇ ನೋಡುತ್ತಿರಬೇಕು. ನಡುವೆ ನಿಂತು ಸೆಲ್ಫಿ ಬೇಡ. ಹಾಯುವ ಮೊದಲು ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಊರುಗೋಲಿನ ದಾರದಿಂದ ಕೈ ಹೊರಗೆ ತೆಗೆಯಿರಿ. ಏಣಿನ ತುದಿಯಲ್ಲಿ ಹಿಮ ಆಚೆಗೆ ಚಾಚಿಕೊಂಡಿರುತ್ತೆ, ಕೆಳಗೆ ಬರೀ ಗಾಳಿ. ಅಂಚಿನಿಂದ ತುಂಬಾ ಈಚೆಗೇ ಇರಿ. ಬಿಸಿಲೇರಿದ ಮೇಲೆ ಅದರ ಕೆಳಗೂ ನಡೆಯಬೇಡಿ.

ಗುರು, ಸರ್ ಪಾಸ್‌ನಲ್ಲಿ ಹಿಮದ ಮೇಲೆ ಕೂತು ಜಾರುವ ಜಾಗ ಇದೆಯಲ್ಲ, ಎಲ್ಲರೂ ವೀಡಿಯೊ ಹಾಕುತ್ತಾರೆ. ಹೊಸ ಹಿಮ ಬಿದ್ದ ಮರುದಿನ ಅಲ್ಲಿ ಮೊದಲು ಜಾರುವವನು ನೀನಾಗಬೇಡ. ಗೈಡನ್ನು ಕೇಳು, ಸಾಲಲ್ಲಿ ಒಬ್ಬನಾದ ಮೇಲೆ ಒಬ್ಬ ಬಿಡಲಿ. ಕೆಳಗಿಳಿದವರು ಅಲ್ಲೇ ನಿಂತು ಚಪ್ಪಾಳೆ ತಟ್ಟದೆ ಪಕ್ಕಕ್ಕೆ ಸರಿಯಲಿ.

ಕಿರಣ್, ವಾಪಸ್ ತಿರುಗುವ ಗಂಟೆಯನ್ನು ಹಿಂದಿನ ರಾತ್ರಿಯೇ ಆರೂ ಜನ ಕೂತು ಒಪ್ಪಿಕೊಳ್ಳಿ. ನನ್ನ ಲೆಕ್ಕದಲ್ಲಿ ಬೆಳಿಗ್ಗೆ ಎಂಟೂವರೆಗೆ ತುದಿ ಸಿಕ್ಕಿರಲಿ, ಸಿಗದಿರಲಿ, ಮುಖ ಕೆಳಗೆ ತಿರುಗಬೇಕು. ಹತ್ತೂವರೆ ಹನ್ನೊಂದರೊಳಗೆ ಕಡಿದಾದ ಜಾಗವೆಲ್ಲ ದಾಟಿರಬೇಕು. ಆರರಲ್ಲಿ ಯಾರೇ ಒಬ್ಬರು ಬೇಡ ಅಂದರೂ ಕಾರಣ ಕೇಳದೆ ಎಲ್ಲರೂ ತಿರುಗುವುದು ಅಂತ ಮಾತಾಡಿಕೊಳ್ಳಿ. ಜೋಶಿಮಠಕ್ಕೆ ಇಳಿದ ಮೇಲೆ ಹಿಮ ಹೇಗಿತ್ತು ಅಂತ ಇಲ್ಲಿ ಹಾಕಿ, ಮುಂದಿನ ವಾರ ಹೊರಡುವವರಿಗೆ ಬೇಕಾಗುತ್ತೆ.